ಎಲ್ಲೆಡೆ ಬೋಧಿಸುವ ಅನುಮತಿ: ಕೊಂಡ ಪದವಿಗಳ ಒಂದು ಚರಿತ್ರೆ

‘ಪದವಿ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ದಾರಿ ಎಂಬುದು ಒಂದು ಅರ್ಥ. ಸ್ಥಾನ, ಅಂತಸ್ತು ಎಂಬುದು ಇನ್ನೊಂದು. ಕನ್ನಡದ ಬಳಕೆಯಲ್ಲಿ ಮೊದಲನೆಯ ಅರ್ಥ ಹೆಚ್ಚು ಕಡಿಮೆ ಮರೆಯಾಗಿ ಎರಡನೆಯದು ಉಳಿದಿದೆ. ವಿಶ್ವವಿದ್ಯಾಲಯಗಳು ಕೊಡುವ ಬಿ.ಎ., ಎಂ.ಎ.ಗಳನ್ನೂ ನಾವು ಅದೇ ಹೆಸರಿನಿಂದ ಕರೆಯುತ್ತೇವೆ. ದಾರಿಯನ್ನು ನಡೆಯದೆ ಸ್ಥಾನವನ್ನು ಮಾತ್ರ ಪಡೆಯಲು ಸಾಧ್ಯವೇ ಎಂಬ ಪ್ರಶ್ನೆ ಹೀಗೆ ಆ ಶಬ್ದದೊಳಗೇ ಅಡಗಿದೆ. ಇಂದು ಆ ಪ್ರಶ್ನೆಗೆ ಒಂದು ವ್ಯಾವಹಾರಿಕ ರೂಪ ಬಂದಿದೆ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ಶಾಲೆಗಳಿಗೋ ಇಂಗ್ಲೆಂಡಿಗೋ ಅಧ್ಯಾಪಕರಾಗಿ ಹೋಗಬೇಕೆಂಬ ತರುಣ ತರುಣಿಯರು ಹಲವರಿದ್ದಾರೆ. ಹಣ ಕಟ್ಟಿದರೆ ಕೆಲವೇ ವಾರಗಳಲ್ಲಿ ಅಂತರ್ಜಾಲದ ಮೂಲಕ ಪದವಿ ಪತ್ರ ಕಳುಹಿಸುವವರೂ ಹಲವರಿದ್ದಾರೆ. ಹಾಗೆ ಕೊಂಡ ಪದವಿಯಿಂದ ಹೊರದೇಶದಲ್ಲಿ ಮೇಷ್ಟರ ಕೆಲಸ ಸಿಗುತ್ತದೆಯೇ? ನೀತಿಯ ಉಪದೇಶಕ್ಕಿಂತ ಚರಿತ್ರೆಯೇ ಇದಕ್ಕೆ ಹೆಚ್ಚು ಸ್ಪಷ್ಟವಾದ ಉತ್ತರ ಕೊಡುತ್ತದೆ ಎಂದು ನಮಗೆ ಅನ್ನಿಸುತ್ತದೆ.

ಪದವಿ ಹುಟ್ಟಿದ್ದೇ ಪರಸ್ಥಳದಲ್ಲಿ ಪಾಠ ಹೇಳುವ ಅನುಮತಿಯಾಗಿ ಎಂಬುದನ್ನು ಮೊದಲು ಗಮನಿಸಬೇಕು. ಮಧ್ಯಯುಗದ ಯೂರೋಪಿನಲ್ಲಿ ‘ಲೈಸೆನ್ಷಿಯಾ ಉಬಿಕ್ವೆ ಡೊಸೆಂಡಿ’ ಎಂಬ ಲ್ಯಾಟಿನ್ ಹೆಸರಿನ ಒಂದು ಹಕ್ಕಿತ್ತು. ಎಲ್ಲೆಡೆ ಬೋಧಿಸುವ ಅನುಮತಿ ಎಂದು ಅದರ ಅರ್ಥ. ಫ್ರಾನ್ಸಿನ ತುಲೂಸ್ ನಗರದಲ್ಲಿ 1229ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ಪರೀಕ್ಷೆ ಪಾಸಾದ ಅಧ್ಯಾಪಕನು ಬೇರೆಲ್ಲಿಯೂ ಮತ್ತೆ ಪರೀಕ್ಷೆಗೆ ಒಳಗಾಗದೆ ಪಾಠ ಹೇಳಬಹುದೆಂದು ಪೋಪ್ ಒಂಬತ್ತನೆಯ ಗ್ರೆಗರಿ 1233ರಲ್ಲಿ ಸನ್ನದು ಕೊಟ್ಟನು. ಸನ್ನದಿನ ಮಾತು ವಿಶಾಲವಾಗಿತ್ತು. ವ್ಯವಹಾರ ಅಷ್ಟು ವಿಶಾಲವಾಗಿರಲಿಲ್ಲ. ಪ್ಯಾರಿಸ್ ಮತ್ತು ಆಕ್ಸ್‌ಫರ್ಡ್ ಒಂದರ ಪದವೀಧರರನ್ನು ಇನ್ನೊಂದು ಸುಲಭವಾಗಿ ಒಪ್ಪುತ್ತಿರಲಿಲ್ಲ. ತಾವೇ ಮತ್ತೆ ಪರೀಕ್ಷಿಸುತ್ತೇವೆ ಎನ್ನುತ್ತಿದ್ದವು. ಪತ್ರ ಹೇಳಿದ್ದನ್ನು ನಂಬಬೇಕೋ, ಎದುರಿಗೆ ನಿಂತ ಮನುಷ್ಯನನ್ನು ಪ್ರಶ್ನಿಸಬೇಕೋ ಎಂಬ ಜಗಳ ಪದವಿಯಷ್ಟೇ ಹಳೆಯದು.

ಮಾರಾಟವೂ ಬಹಳ ತಡವಾಗಿ ಬರಲಿಲ್ಲ. ಇಟಲಿಯಲ್ಲಿಯೂ ಜರ್ಮನ್ ನಾಡುಗಳಲ್ಲಿಯೂ ಚಕ್ರವರ್ತಿಯಿಂದ ಅಧಿಕಾರ ಪಡೆದ ಕೆಲವು ಸರದಾರರು ವಿಶ್ವವಿದ್ಯಾಲಯದ ಹಂಗಿಲ್ಲದೆ ಡಾಕ್ಟರ್ ಪದವಿ ಕೊಡಬಹುದಾಗಿತ್ತು. ಇಂಥವರಿಂದ ಪದವಿ ಪಡೆದವರನ್ನು ಪಂಡಿತರು ‘ಡಾಕ್ಟೋರಿಸ್ ಬುಲ್ಲಾಟಿ’, ಎಂದರೆ ಸನ್ನದಿನ ಡಾಕ್ಟರರು, ಎಂದು ಹೀಗಳೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್, ಅಬರ್ಡೀನ್ ವಿಶ್ವವಿದ್ಯಾಲಯಗಳು ಇಬ್ಬರು ವೈದ್ಯರ ಶಿಫಾರಸು ಪತ್ರವೂ ಶುಲ್ಕವೂ ಬಂದರೆ ಅಭ್ಯರ್ಥಿಯ ಮುಖವನ್ನೇ ನೋಡದೆ ವೈದ್ಯ ಪದವಿ ಕಳುಹಿಸುತ್ತಿದ್ದವು. ಮುಂದೆ ಫ್ರೆಂಚ್ ಕ್ರಾಂತಿಯಲ್ಲಿ ಹೆಸರಾದ ಜಾನ್ ಪಾಲ್ ಮರಾ 1775ರಲ್ಲಿ ಸೇಂಟ್ ಆಂಡ್ರೂಸಿನಿಂದ ಎಂ.ಡಿ. ಪಡೆದದ್ದು ಈ ಬಗೆಯಲ್ಲಿಯೇ. ಇದನ್ನು ತಡೆಯಬೇಕೆಂಬ ಕೂಗು ಎದ್ದಾಗ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1774ರಲ್ಲಿ ವೈದ್ಯ ವಿಲಿಯಂ ಕಲೆನ್ನನಿಗೆ ಬರೆದ ಪತ್ರದಲ್ಲಿ ಅದನ್ನು ಒಪ್ಪಲಿಲ್ಲ. ಎಷ್ಟೇ ಕಟ್ಟುನಿಟ್ಟಾದ ಪದವಿಯೂ ಮನುಷ್ಯನ ವಿವೇಕಕ್ಕೆ ಜಾಮೀನಾಗಲಾರದು ಎಂಬುದು ಅವನ ವಾದ. ವಾದದಲ್ಲಿ ಸತ್ಯಾಂಶವಿದೆ. ಆದರೆ ಹಾಸಿಗೆ ಹಿಡಿದ ರೋಗಿಗೂ ಬೆಂಚಿನ ಮೇಲೆ ಕುಳಿತ ಮಗುವಿಗೂ ತಮ್ಮ ಮುಂದೆ ನಿಂತವನ ವಿದ್ಯೆಯನ್ನು ಅಳೆಯುವ ಶಕ್ತಿ ಇರುವುದಿಲ್ಲ. ಅವರ ಪರವಾಗಿ ಯಾರೋ ಮೊದಲೇ ಅಳೆದಿರಬೇಕು. ಪದವಿ ಎಂದರೆ ಹಾಗೆ ಅಳೆದವರು ಕೊಟ್ಟ ಮಾತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ದೂರದಿಂದ ಓದುವುದು ಬೇರೆ, ಓದದೆ ಕೊಳ್ಳುವುದು ಬೇರೆ. ಲಂಡನ್ ವಿಶ್ವವಿದ್ಯಾಲಯ 1858ರ ಸನ್ನದಿನಿಂದ ತನ್ನ ಪರೀಕ್ಷೆಗಳನ್ನು ಯಾವ ಕಾಲೇಜಿಗೂ ಸೇರದವರಿಗೂ ತೆರೆಯಿತು. ಸಮುದ್ರದಾಚೆಯ ವಸಾಹತುಗಳಲ್ಲಿದ್ದವರೂ ಕಾಲಕ್ರಮದಲ್ಲಿ ಅದರ ಪದವೀಧರರಾದರು. ಅವರು ಲಂಡನ್ನಿಗೆ ಹೋಗಿರಲಿಲ್ಲ. ಆದರೆ ಲಂಡನ್ನಿನ ಪ್ರಶ್ನೆಪತ್ರಿಕೆ ಅವರಿದ್ದಲ್ಲಿಗೆ ಬಂದಿತ್ತು. ನಮ್ಮಲ್ಲಿ 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇದೇ ಪರಂಪರೆಗೆ ಸೇರಿದವು. ನೌಕರಿ, ಸಂಸಾರಗಳ ನಡುವೆ ರಾತ್ರಿ ಓದಿ ಪಾಸಾದವರ ಪದವಿಗೆ ದೂರಶಿಕ್ಷಣ ಎಂಬ ಕಾರಣಕ್ಕೆ ಕುಂದಿಲ್ಲ.

ಪರೀಕ್ಷೆಯನ್ನೇ ಬಿಟ್ಟುಬಿಟ್ಟ ವ್ಯಾಪಾರ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬೆಳೆಯಿತು. ಫಿಲಡೆಲ್ಫಿಯಾದ ಜಾನ್ ಬ್ಯೂಕನನ್ ಎಂಬ ವೈದ್ಯ, ತಾನು ನಡೆಸುತ್ತಿದ್ದ ವೈದ್ಯಕೀಯ ಕಾಲೇಜಿನ ಹೆಸರಿನಲ್ಲಿ ಪದವಿ ಪತ್ರಗಳನ್ನು ಮಾರಿದನು. ಗಿರಾಕಿಗಳು ಯೂರೋಪಿನಲ್ಲಿಯೂ ಇದ್ದರು. 1880ರಲ್ಲಿ ಅಲ್ಲಿನ ‘ರೆಕಾರ್ಡ್’ ಪತ್ರಿಕೆ ಅವನನ್ನು ಬಯಲಿಗೆಳೆದಾಗ, ದೋಣಿಯಿಂದ ನದಿಗೆ ಹಾರಿ ಸತ್ತನೆಂದು ನಟಿಸಿ ತಲೆಮರೆಸಿಕೊಂಡನು. ಕೊನೆಗೆ ಸಿಕ್ಕಿಬಿದ್ದು ಸೆರೆಮನೆ ಸೇರಿದನು. ನೂರು ವರ್ಷಗಳ ಬಳಿಕವೂ ಆ ಉದ್ಯಮ ನಿಂತಿರಲಿಲ್ಲ. 1980ರಿಂದ ಸುಮಾರು ಒಂದು ದಶಕ ಅಮೆರಿಕದ ಎಫ್‌ಬಿಐ ಪದವಿ ಕಾರ್ಖಾನೆಗಳ ವಿರುದ್ಧವೇ ‘ಡಿಪ್‌ಸ್ಕ್ಯಾಮ್’ ಎಂಬ ವಿಶೇಷ ಕಾರ್ಯಾಚರಣೆ ನಡೆಸಬೇಕಾಯಿತು. ಅಂತರ್ಜಾಲ ಬಂದ ಮೇಲಂತೂ ಅಂಚೆಯ ಖರ್ಚೂ ಉಳಿಯಿತು. ಪೆನ್ಸಿಲ್ವೇನಿಯಾ ರಾಜ್ಯದ ಅಧಿಕಾರಿಗಳು 2004ರಲ್ಲಿ ಒಂದು ಬೆಕ್ಕಿನ ಹೆಸರಿನಲ್ಲಿ ಅರ್ಜಿ ಹಾಕಿ ಹಣ ಕಟ್ಟಿದಾಗ ಆ ಬೆಕ್ಕಿಗೆ ಎಂ.ಬಿ.ಎ. ಪದವಿಯೇ ಬಂತು.

ಈ ವ್ಯಾಪಾರ ಶಾಲೆಯ ಕೋಣೆಗೆ ಹೇಗೆ ಬಂತು ಎಂಬುದಕ್ಕೆ ‘ಸೇಂಟ್ ರೀಜಿಸ್ ವಿಶ್ವವಿದ್ಯಾಲಯ’ದ ಪ್ರಕರಣ ಒಳ್ಳೆಯ ನಿದರ್ಶನ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಪರಿಸರದಿಂದ ದಂಪತಿಗಳಿಬ್ಬರು ನಡೆಸುತ್ತಿದ್ದ ಈ ಕಾಗದದ ವಿಶ್ವವಿದ್ಯಾಲಯ, ತನಗೆ ಆಫ್ರಿಕದ ಲೈಬೀರಿಯಾ ಸರಕಾರದ ಮಾನ್ಯತೆ ಇದೆ ಎಂದು ಹೇಳಿಕೊಳ್ಳುತ್ತಿತ್ತು. ಆ ಮಾನ್ಯತೆಗಾಗಿ ಲಂಚ ಕೊಟ್ಟದ್ದು ತನಿಖೆಯಲ್ಲಿ ಹೊರಬಿತ್ತು. ಜಾರ್ಜಿಯಾ ರಾಜ್ಯದ ಕೆಲವು ಶಾಲಾ ಶಿಕ್ಷಕರು ಇಲ್ಲಿಂದ ಕೊಂಡ ಪದವಿಗಳನ್ನು ತೋರಿಸಿ ಸಂಬಳ ಹೆಚ್ಚಿಸಿಕೊಂಡಿದ್ದರು. 2004ರಲ್ಲಿ ಅದು ಬಯಲಾಗಿ ಅವರು ಕೆಲಸಕ್ಕೇ ಸಂಚಕಾರ ತಂದುಕೊಂಡರು. ನಡೆಸುತ್ತಿದ್ದ ದಂಪತಿಗಳಿಗೆ 2008ರಲ್ಲಿ ಮೂರು ಮೂರು ವರ್ಷಗಳ ಸಜೆಯಾಯಿತು. ಅದೇ ವರ್ಷ ಸಾವಿರಾರು ಗಿರಾಕಿಗಳ ಹೆಸರಿನ ಪಟ್ಟಿ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಂಡವರಿಗೆ ಮೊದಲು ಸಂಬಳ ಬಂದದ್ದು ನಿಜ. ಕೊಂಡ ಪದವಿ ಏನೂ ಉಪಯೋಗಕ್ಕೆ ಬಾರದು ಎಂದರೆ ಅದು ಚರಿತ್ರೆಗೆ ಸಲ್ಲದ ಮಾತಾದೀತು. ಅದು ಎಷ್ಟು ಕಾಲ ನಡೆಯುತ್ತದೆ ಎಂಬುದು ಮಾತ್ರ ಕೊಂಡವರ ಕೈಯಲ್ಲಿ ಇರುವುದಿಲ್ಲ.

ಹೊರದೇಶದ ಬೋಧನೆಯ ವಿಷಯದಲ್ಲಿ ಇದರ ಪರಿಣಾಮ ಇನ್ನೂ ತೀವ್ರವಾಗಿದೆ. ಪೂರ್ವ ಏಷ್ಯಾದಲ್ಲಿ ಇಂಗ್ಲಿಷ್ ಕಲಿಸುವವರಿಗೆ ಬೇಡಿಕೆ ಏರಿದಾಗ, ಪದವಿ ಎಂಬುದು ಶಾಲೆಯ ಅಪೇಕ್ಷೆ ಮಾತ್ರವಾಗದೆ ವೀಸಾದ ಷರತ್ತಾಯಿತು. ಕೂಡಲೇ ಬ್ಯಾಂಕಾಕಿನ ಖಾವೊಸಾನ್ ರಸ್ತೆಯಂಥ ಕಡೆಗಳಲ್ಲಿ ಪದವಿ ಪತ್ರಗಳು ಬೀದಿಯ ಸರಕಾದವು. ಆಮೇಲೆ 2007ರಲ್ಲಿ ದಕ್ಷಿಣ ಕೊರಿಯಾದ ಡೊಂಗುಕ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕಿ ಶಿನ್ ಜಿಯೊಂಗ್ ಆ ಅವರ ಯೇಲ್ ಪಿಎಚ್.ಡಿ. ನಕಲಿ ಎಂದು ಬಯಲಾಯಿತು. ವಿಚಿತ್ರವೆಂದರೆ, ನೇಮಕದ ಕಾಲಕ್ಕೆ ಡೊಂಗುಕ್ ವಿಚಾರಿಸಿದ್ದಾಗ ಪದವಿ ನಿಜವೆಂದು ಯೇಲ್‌ನಿಂದಲೇ ತಪ್ಪು ಉತ್ತರ ಬಂದಿತ್ತು. ಯೇಲ್ ಆಮೇಲೆ ಕ್ಷಮೆ ಕೇಳಿತು. ಆ ಹಗರಣದಿಂದ ಕೊರಿಯಾದಲ್ಲಿ ಗಣ್ಯರ ಪದವಿಗಳನ್ನೆಲ್ಲ ಮತ್ತೆ ಕೆದಕುವ ಅಲೆಯೇ ಎದ್ದಿತು. ಈಗ ಅಲ್ಲಿ ಇಂಗ್ಲಿಷ್ ಬೋಧಕರಾಗಿ ಹೋಗುವವರ ಪದವಿಗೆ ಅಪೋಸ್ಟಿಲ್ ಮೊಹರು ಬೇಕು. ಆ ವೀಸಾ ಸಾಮಾನ್ಯವಾಗಿ ಏಳು ದೇಶಗಳ ನಾಗರಿಕರಿಗೆ ಮಾತ್ರ, ಅವುಗಳಲ್ಲಿ ಭಾರತ ಇಲ್ಲ. ಚೀನಾ ಕೂಡ 2017ರಿಂದ ಕೆಲಸದ ಪರವಾನಗಿಗೆ ದೃಢೀಕರಿಸಿದ ಪದವಿಯನ್ನು ಕೇಳುತ್ತದೆ. ಇಂಗ್ಲೆಂಡು 2023ರ ಫೆಬ್ರವರಿಯಿಂದ ಭಾರತದ ಶಿಕ್ಷಕರಿಗೂ ತನ್ನ ಅರ್ಹ ಶಿಕ್ಷಕ ಸ್ಥಾನಮಾನಕ್ಕೆ ನೇರವಾಗಿ ಅರ್ಜಿ ಹಾಕಲು ಅವಕಾಶ ಮಾಡಿದೆ. ಆದರೆ ಪದವಿ, ಶಿಕ್ಷಕ ತರಬೇತಿ, ಅನುಭವ ಈ ಮೂರನ್ನೂ ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಕೊಂಡ ಬಿ.ಎ. ಒಂದರಿಂದ ಈ ಮೂರು ಬಾಗಿಲುಗಳೂ ತೆರೆಯುವುದಿಲ್ಲ.

ಮೊಹರು ಇದ್ದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಅಪೋಸ್ಟಿಲ್ ಎಂಬುದು 1961ರ ಹೇಗ್ ಒಪ್ಪಂದದಿಂದ ಬಂದ ವ್ಯವಸ್ಥೆ. ಭಾರತದಲ್ಲಿ 2005ರ ಜುಲೈಯಿಂದ ಜಾರಿಯಲ್ಲಿದೆ. ಪತ್ರದ ಮೇಲಿನ ಸಹಿ ಯಾರದು, ಅವರಿಗೆ ಸಹಿ ಮಾಡುವ ಅಧಿಕಾರವಿತ್ತೇ, ಮೊಹರು ನಿಜವೇ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಪತ್ರದೊಳಗೆ ಬರೆದದ್ದು ಸತ್ಯವೇ ಎಂಬುದಕ್ಕೆ ಅಲ್ಲ. ನೋಟರಿಯ ಸಹಿಗೆ ಅಪೋಸ್ಟಿಲ್ ದೊರೆತರೆ ಅದು ನೋಟರಿಯ ಸಹಿಗೆ ದೊರೆತದ್ದೇ ಹೊರತು ಪದವಿಗಲ್ಲ. ಪದವಿ ಮಾರುವವರು ಈ ಸೂಕ್ಷ್ಮವನ್ನು ಬಲ್ಲರು, ಕೊಳ್ಳುವವರು ಅರಿಯರು. ಅದಕ್ಕಾಗಿಯೇ ಉದ್ಯೋಗ ಕೊಡುವವರು ಮೊಹರಿನಾಚೆಗೆ ಹೋಗಿ ವಿಶ್ವವಿದ್ಯಾಲಯವನ್ನೇ ಕೇಳತೊಡಗಿದ್ದಾರೆ.

ಮೊಹರಿನ ಆಸೆಯೇ ಕೊರಳಿನ ಉರುಳಾದ ಕಥೆ ಕರಾಚಿಯ ಆಕ್ಸಾಕ್ಟ್ ಸಂಸ್ಥೆಯದು. ಡೆಕ್ಲನ್ ವಾಲ್ಶ್ ಎಂಬ ವರದಿಗಾರ 2015ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಇದನ್ನು ಬಯಲಿಗೆ ತಂದರು. ನೂರಾರು ಜಾಲತಾಣಗಳಲ್ಲಿ ಇಲ್ಲದ ವಿಶ್ವವಿದ್ಯಾಲಯಗಳನ್ನು ಕಟ್ಟಿ ಲೋಕದಾದ್ಯಂತ ಪದವಿಗಳನ್ನು ಮಾರಲಾಗುತ್ತಿತ್ತು. ಕೊಂಡವರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಅಬುಧಾಬಿಯಲ್ಲಿ ಲೆಕ್ಕಿಗನಾಗಿದ್ದ ಭಾರತೀಯನೊಬ್ಬ ನಿಜವಾದ ಕೋರ್ಸೆಂದು ನಂಬಿ ಸುಮಾರು 3,300 ಡಾಲರ್ ಕಟ್ಟಿದ್ದ. ಆಮೇಲೆ ಸರಕಾರಿ ಅಧಿಕಾರಿಯಂತೆ ಮಾತನಾಡಿದ ದನಿಯೊಂದು ದೃಢೀಕರಣದ ಹೆಸರಿನಲ್ಲಿ ಇನ್ನಷ್ಟು ಕೇಳಿತು. ಊರಿನ ಬಂಧುಗಳಿಂದ ಸಾಲ ತಂದು ಸುರಿಯಬೇಕಾಯಿತು. ಬಿಬಿಸಿ 2018ರಲ್ಲಿ ಮಾಡಿದ ವರದಿಯಂತೆ, ಬ್ರಿಟನ್ನಿನಲ್ಲಿದ್ದವರೇ 2013, 2014ರಲ್ಲಿ ಇಂಥ 3,000ಕ್ಕೂ ಹೆಚ್ಚು ಪ್ರಮಾಣಪತ್ರಗಳನ್ನು ಕೊಂಡಿದ್ದರು. ಕೊಂಡವನ ಗುಟ್ಟು ಮಾರಿದವನ ಬಳಿ ಉಳಿಯುತ್ತದೆ. ನಕಲಿ ಪತ್ರ ಸಲ್ಲಿಸುವುದು ಅಪರಾಧವಾಗಿರುವ ಕೊಲ್ಲಿ ರಾಷ್ಟ್ರದಲ್ಲಿ ಅಂಥ ಗುಟ್ಟಿನೊಡನೆ ಬಾಳುವುದು ಹೇಗಿರುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ನಮ್ಮ ದೇಶದ ಕಾನೂನಿನ ಕಡೆಗೂ ನೋಡಬೇಕು. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆ, ಪದವಿ ಕೊಡುವ ಹಕ್ಕು ಯಾರಿಗುಂಟು ಎಂದು ಹೇಳಿ, ಹಕ್ಕಿಲ್ಲದೆ ವಿಶ್ವವಿದ್ಯಾಲಯವೆಂದು ಕರೆದುಕೊಳ್ಳುವುದನ್ನು ನಿಷೇಧಿಸಿತು. ಮುರಿದವರಿಗೆ ಅದು ಗೊತ್ತುಮಾಡಿದ ಗರಿಷ್ಠ ದಂಡ ಒಂದು ಸಾವಿರ ರೂಪಾಯಿ. ಆಯೋಗ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕದ ಒಂದು ಹೆಸರು ಎಷ್ಟೋ ವರ್ಷಗಳ ಕಾಲ ಇತ್ತು. ಸಾಚಾ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಕಷ್ಟ ತಪ್ಪಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸುಗಳನ್ನು ನಡೆಸಿತೆಂಬ ಆಕ್ಷೇಪದ ಮೇಲೆ, 2013-14ರಿಂದಾಚೆಗೆ ಅದಕ್ಕೆ ಆಯೋಗದ ಮಾನ್ಯತೆ ಇಲ್ಲವಾಯಿತು. 2018-19ರಿಂದ ಮತ್ತೆ ದೊರೆಯಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳು ನಿಜವಾಗಿ ಓದಿ ಬರೆದವರೂ ತಮ್ಮ ಪದವಿಯ ಬೆಲೆ ಏನೆಂದು ಅಲೆದಾಡಿದರು. ಬಿಹಾರದಲ್ಲಿ 2015ರಲ್ಲಿ, ನಕಲಿ ಪತ್ರ ಕೊಟ್ಟ ಶಿಕ್ಷಕರು ತಾವಾಗಿ ರಾಜೀನಾಮೆ ಕೊಟ್ಟರೆ ಕ್ರಮವಿಲ್ಲವೆಂದು ಪಟ್ನಾ ಹೈಕೋರ್ಟು ಹೇಳಿದಾಗ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟರು. ಅವರ ತರಗತಿಗಳಲ್ಲಿ ಕುಳಿತಿದ್ದ ಮಕ್ಕಳ ಕಳೆದುಹೋದ ವರ್ಷಗಳಿಗೆ ರಾಜೀನಾಮೆ ಎಂಬುದು ಇರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಚರಿತ್ರೆಯೂ ನಮ್ಮದಾಗಿದೆ. ಎರಡನೆಯ ಮಹಾಯುದ್ಧದ ಬಳಿಕ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯ ಸರಕಾರ ಭಾರತದಿಂದ ಬಹುಸಂಖ್ಯೆಯಲ್ಲಿ ಶಿಕ್ಷಕರನ್ನು ಕರೆಸಿಕೊಂಡಿತು. ಅವರಲ್ಲಿ ಕೇರಳದವರು ಹೆಚ್ಚು. ಮುಂದೆ ನೈಜೀರಿಯಾ, ಜಾಂಬಿಯಾಗಳಿಗೂ ನಮ್ಮ ಮೇಷ್ಟರುಗಳು ಹೋದರು. ಸಣ್ಣ ಊರುಗಳಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಿದರು. ಭಾರತೀಯ ಶಿಕ್ಷಕನೆಂದರೆ ನಂಬಬಹುದು ಎಂಬ ಮಾತನ್ನು ಅವರು ಗಳಿಸಿದ್ದು ಪಾಠ ಹೇಳಿ. ಕೊಂಡ ಪದವಿಯೊಂದಿಗೆ ಹೋಗುವವನು ಖರ್ಚು ಮಾಡುವುದು ತನ್ನ ಹಣವನ್ನಷ್ಟೇ ಅಲ್ಲ, ಆ ಹಿರಿಯರು ಕೂಡಿಟ್ಟ ನಂಬಿಕೆಯನ್ನೂ.

ಅದರ ಬೆಲೆಯನ್ನು ಪ್ರಾಮಾಣಿಕರು ತೆರುತ್ತಿದ್ದಾರೆ. ಧಾರವಾಡದಲ್ಲಿ ಬಿ.ಎಡ್. ಮಾಡಿ, ಈಗ ದೆಹಲಿಯಲ್ಲೋ ಚೆನ್ನೈಯಲ್ಲೋ ಸಂಸಾರ ಹೂಡಿರುವ ಕನ್ನಡತಿಯೊಬ್ಬಳು ಹೊರದೇಶದ ಶಾಲೆಗೆ ಅರ್ಜಿ ಹಾಕಿದಳೆನ್ನಿ. ಅವಳ ಪದವಿ ಪತ್ರ ಹುಟ್ಟಿದ್ದು ಕರ್ನಾಟಕದಲ್ಲಾದ್ದರಿಂದ ಮೊದಲ ದೃಢೀಕರಣ ಅಲ್ಲಿಯೇ ಆಗಬೇಕು. ಆಮೇಲೆ ವಿದೇಶಾಂಗ ಸಚಿವಾಲಯ. ಅಗತ್ಯವಿದ್ದರೆ ರಾಯಭಾರ ಕಚೇರಿ. ಪ್ರತಿಯೊಂದು ಹೆಜ್ಜೆಗೂ ಶುಲ್ಕ, ದಿನಗಳು, ಊರಿನಲ್ಲಿರುವ ಅಣ್ಣನಿಗೋ ಮಾವನಿಗೋ ದೂರವಾಣಿ. ಸುಳ್ಳು ಪತ್ರ ತೋರಿಸಿದ ಒಬ್ಬೊಬ್ಬರಿಂದಲೂ ಈ ಸರದಿಯ ಸಾಲು ಇನ್ನಷ್ಟು ಉದ್ದವಾಗಿದೆ.

ಆದ್ದರಿಂದ ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇದು: ಕೊಂಡ ಪದವಿ ಕೆಲವೊಮ್ಮೆ, ಕೆಲವೆಡೆ, ಪರಿಶೀಲಿಸದವರ ಬಾಗಿಲನ್ನು ತೆರೆದೀತು. ಆದರೆ ಪರಿಶೀಲಿಸದ ಶಾಲೆ ಸಾಮಾನ್ಯವಾಗಿ ಶಿಕ್ಷಕನ ಸಂಬಳ, ವೀಸಾಗಳ ವಿಷಯದಲ್ಲಿಯೂ ಅಷ್ಟೇ ಉದಾಸೀನವಾಗಿರುತ್ತದೆ. ಒಳ್ಳೆಯ ಶಾಲೆಗಳಲ್ಲಿ ಅದು ನಡೆಯುವುದಿಲ್ಲ. ನಡೆದರೂ ಸಿಕ್ಕಿಬೀಳುವ ದಿನ ಹಿಂದೆಯೇ ಬರುತ್ತಿರುತ್ತದೆ. ಮನೆಯ ಮಕ್ಕಳು ಇಂಥ ಕೋರ್ಸಿಗೆ ಹಣ ಕಟ್ಟುವ ಮುನ್ನ ಹಿರಿಯರು ಮೂರು ಮಾತು ಕೇಳಿದರೆ ಸಾಕು. ಈ ಸಂಸ್ಥೆ ಆಯೋಗದ ಪಟ್ಟಿಯಲ್ಲಿದೆಯೇ? ಈ ಕೋರ್ಸನ್ನು ಈ ವರ್ಷ ಅಂತರ್ಜಾಲದಲ್ಲಿ ನಡೆಸಲು ಅದಕ್ಕೆ ಅನುಮತಿ ಇದೆಯೇ? ಪರೀಕ್ಷೆ ಯಾವಾಗ, ಎಲ್ಲಿ? ಮೂರನೆಯ ಪ್ರಶ್ನೆಗೆ, ಪರೀಕ್ಷೆಯ ಚಿಂತೆ ನಿಮಗೆ ಬೇಡ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು.