ಮಷೀನ್ ಕೆಟ್ಟಿಲ್ಲ, ನೀರು ಗಡಸದ

ನಮ್ಮ ಬಳಗದಾಗ ಡಿಶ್‌ವಾಶರ್ ಕೊಂಡವರ ದೂರು ಹೆಚ್ಚೂಕಮ್ಮಿ ಒಂದ: ಗ್ಲಾಸಿನ ಮ್ಯಾಲೆ ವಿಭೂತಿ ಬಳದಂಗ ಬಿಳೇ ಪೊರಿ, ತಾಟು ಮುಟ್ಟಿದ್ರ ಕೈಗೆ ಪುಡಿ. "ಮಷೀನ್ ಕೆಟ್ಟದ" ಅಂತ ಮೆಕ್ಯಾನಿಕ್‌ಗ ಫೋನ್ ಹಚ್ಚೂಕಿಂತ ಮದಲ ಇದರ ಹಳೇ ಕತಿ ಒಂದಿಷ್ಟು ಕೇಳ್ರಿ. ಈ ದೂರು ಮಷೀನಿನಷ್ಟ ಹಳೇದು.

ಇದನ್ನ ಖರೇನ ಕೆಲಸಕ್ಕ ಬರೂಹಂಗ ಮಾಡಿದಾಕಿ ಒಬ್ಬ ಹೆಣ್ಣುಮಗಳು. ಅಮೆರಿಕಾದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫಿನ್ ಕಾಕ್ರೇನ್. ಆಳುಮಕ್ಕಳು ತೊಳಿಯೂವಾಗ ಹಿರೇರ ಕಾಲದ ಪಿಂಗಾಣಿ ತಾಟಿನ ಅಂಚು ಒಡೀತಾವ ಅಂತ ಆಕಿಗೆ ಸಂಕಟ ಆಗ್ತಿತ್ತಂತ. 1883ರಾಗ ಗಂಡ ತೀರಿಕೊಂಡ, ಬಿಟ್ಟುಹೋದದ್ದು ಸಾಲ. ಮನಿ ಹಿಂದಿನ ಶೆಡ್ಡಿನ್ಯಾಗ ಜಾರ್ಜ್ ಬಟರ್ಸ್ ಅನ್ನೋ ಮೆಕ್ಯಾನಿಕ್‌ನ ಜೊತಿಗೆ ಮಷೀನ್ ಕಟ್ಟಿಸಿ, 1886ರ ಡಿಸೆಂಬರ್ 28ಕ್ಕ ಪೇಟೆಂಟ್ ತಗೊಂಡ್ಲು. ತಾಮ್ರದ ಹಂಡೆದೊಳಗ ಒಂದು ಗಾಲಿ, ಅದರಾಗ ತಾಟು-ಬಸಿಗೆ ಅಳತಿ ತಗೊಂಡು ಮಾಡಿದ ತಂತಿ ಗೂಡು, ಕೆಳಗಿಂದ ರಭಸದಿಂದ ಹೊಡಿಯೂ ಬಿಸಿ ಸಾಬೂನು ನೀರು. ಇವತ್ತಿಗೂ ಅದ ಉಪಾಯ ನಡದದ. ತಿಕ್ಕೂ ಕೈ ಇಲ್ಲ, ನಾರಿಲ್ಲ, ಬೂದಿ ಇಲ್ಲ. ಎಲ್ಲಾ ನೀರ ಮಾಡಬೇಕು.

ಆಕಿ ಮಷೀನ್ ಶಿಕಾಗೋದ ದೊಡ್ಡ ಹೋಟೆಲ್‌ಗಳು ಕೊಂಡವು, 1893ರ ಅಲ್ಲಿಯ ಜಾಗತಿಕ ಮೇಳದಾಗ ಬಹುಮಾನನೂ ಬಂತು. ಆದ್ರ ಮನಿಯವರು ಕೊಳ್ಳಲಿಲ್ಲ. ರೇಟು ಜಾಸ್ತಿ, ಅಷ್ಟು ಬಿಸಿನೀರು ಮನ್ಯಾಗ ಇರತಿರಲಿಲ್ಲ, ಮತ್ತ ಎಷ್ಟೋ ಊರಿನ ನೀರು ಗಡಸು, ಸಾಬೂನು ನೊರಿನ ಬರತಿರಲಿಲ್ಲ. ಸವಳು ನೀರಾಗ ಬ್ಯಾಳಿ ಬೇಯಂಗಿಲ್ಲ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತಲ್ಲ, ಹಂಗ. ನೀರಿನ್ಯಾಗಿನ ಕ್ಯಾಲ್ಸಿಯಂ ಸಾಬೂನನ್ನ ಹಿಡದು ಕೆನಿಗಟ್ಟಸ್ತದ. ಆಕಿ 1913ರಾಗ ತೀರಿಕೊಂಡ್ಲು. ಮಷೀನ್ ಮನಿಮನಿಗೆ ಬಂದದ್ದು ಎರಡನೇ ಮಹಾಯುದ್ಧ ಮುಗದ ಮ್ಯಾಲೆ.

ಅಷ್ಟೊತ್ತಿಗೆ ಪುಡಿಯೊಳಗ ಫಾಸ್ಫೇಟ್ ಬಂದಿತ್ತು. ಅದು ಕ್ಯಾಲ್ಸಿಯಂನ್ನ ಕಟ್ಟಿಹಾಕ್ತದ, ಗ್ಲಾಸು ಫಳಫಳ. ಆದ್ರ ಅದ ಫಾಸ್ಫೇಟ್ ನದಿ-ಕೆರಿಗೆ ಹೋಗಿ ಪಾಚಿಗೆ ಗೊಬ್ಬರ ಆತು, ಮೀನಿಗೆ ಉಸಿರಿಲ್ಲಧಂಗ ಆತು. ಬೆಳ್ಳಂದೂರು ಕೆರಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನ್ಯಾಗ 2008ಕ್ಕ ಆ ಪುಡಿ ಮಾರೂದು ಬಂದ್ ಮಾಡಿದ್ರು. ಜನ ಏನ್ ಮಾಡಿದ್ರು? ಗಾಡಿ ತಗೊಂಡು ಪಕ್ಕದ ಐಡಾಹೋಕ್ಕ ಹೋಗಿ ಹಳೇ ಪುಡಿ ತಂದ್ರು! ನಗು ಬರ್ತದ, ಖರೆ, ಆದ್ರ ಎರಡೆರಡು ಸರ್ತಿ ತೊಳದರೂ ಪೊರಿ ಹೋಗದಿದ್ರ ಯಾರಿಗರೆ ತಾಳ್ಮಿ ಇರ್ತದ. 2010ರ ಜುಲೈದಾಗ ಹತ್ತಕ್ಕೂ ಹೆಚ್ಚು ರಾಜ್ಯಗಳು ಇದನ್ನ ಮಾಡಿದಾಗಂತೂ, ಪುಡಿ ಬದಲಾದದ್ದು ತಿಳೀದ ರಿಪೇರಿಯವರನ್ನ ಕರೆಸಿದವರು ಬಾಳ ಮಂದಿ. ನನಗ ಕೇಳಿದ್ರ ಕೆರಿಯ ಪಕ್ಷನ ಸರಿ. ಆದ್ರ ಪುಡಿ ಬಿಟ್ಟ ಕೆಲಸ ಮತ್ಯಾರರೆ ಮಾಡಬೇಕಲ್ಲ.

ಅದನ್ನ ಮಾಡೂದು ಉಪ್ಪು. ನಮ್ಮಲ್ಲೆ ಮಾರೂ ಬಹಳಷ್ಟು ಮಷೀನಿನ ತಳದಾಗ ರೆಸಿನ್ ಹರಳಿನ ಡಬ್ಬಿ ಇರ್ತದ, ಅದು ನೀರಿನ ಸುಣ್ಣ ಹಿಡಕೋತದ. ಉಪ್ಪುನೀರು ಹಾಯ್ದಾಗ ಹರಳು ಮತ್ತ ತಯಾರ್. ಅಡಿಗಿ ಉಪ್ಪಲ್ಲರೀ, ಡಿಶ್‌ವಾಶರ್ ಉಪ್ಪು. ನೀರು ಎಷ್ಟು ಗಡಸು ಅನ್ನೋದನ್ನ ಮಷೀನಿನ್ಯಾಗ ಸೆಟ್ ಮಾಡಬೇಕು, ಕಾವೇರಿ ನೀರು ನಿಂತು ಬೋರಿನ ಟ್ಯಾಂಕರ್ ಬರಲಿಕ್ಕೆ ಹತ್ತಿದ್ರ ಅದನ್ನೂ ಬದಲಿಸಬೇಕು. ಅನ್ನದ ಅಗಳು, ಎಣ್ಣಿ ಜಿಡ್ಡು ಉಳದ್ರ ಮಾತ್ರ ದೋಷ ಬ್ಯಾರೆ. ಜಾಳಿಗಿ ತಗದು ತೊಳೀರಿ, ತಿರುಗೂ ರೆಕ್ಕಿಯ ತೂತಿನ್ಯಾಗ ಜೀರಗಿ-ಸಾಸಿವಿ ಸಿಕ್ಕದ ಏನ್ ನೋಡ್ರಿ.

ಬಿಳೇ ಪೊರಿ ಎಂಥಾದ್ದು ಅಂತ ತಿಳೀಬೇಕಂದ್ರ ವಿನೆಗರ್ ಅರಿವಿಲೆ ಒರಸ್ರಿ. ಹೋತೋ, ಸುಣ್ಣ. ಹೋಗಲಿಲ್ಲೋ, ಗಾಜ ಸವದದ. ಆ ಗ್ಲಾಸು ಇನ್ನ ಹಂಗ.