ಭಟ್ಟಿಯ ಉರಿ, ವಾರದ ರಜೆ

ಕುಂದಾಪುರ ದಾಟಿ ಹೆದ್ದಾರಿಯಲ್ಲಿ ಬೈಂದೂರಿನ ಕಡೆ ಹೊರಟರೆ ತಲ್ಲೂರು ಸಿಗುತ್ತದೆ. ಈ ಸೀಮೆಯಲ್ಲಿ ಹಂಚಿನ ಕಾರ್ಖಾನೆಗಳು ತಲೆಯೆತ್ತಲು ಜೇಡಿಮಣ್ಣು, ಘಟ್ಟದ ಕಟ್ಟಿಗೆ, ಸರಕು ಸಾಗಿಸುವ ಹೊಳೆ, ಮೂರೂ ಹತ್ತಿರವಿದ್ದವು.

ಕರಾವಳಿಗೆ ಈ ಉದ್ಯಮ ತಂದದ್ದು ಬಾಸೆಲ್ ಮಿಶನ್. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಮಿಶನ್ನಿನವರಿಗೆ ಭಾನುವಾರವೆಂದರೆ ಆರಾಧನೆಯ ದಿನ. ಉಳಿದ ಮಾಲಕರಿಗೆ ಭಾನುವಾರವೂ ಕೆಲಸದ ದಿನವಷ್ಟೇ.

ಅವರ ಕಷ್ಟವೂ ಸುಳ್ಳಲ್ಲ. ಒತ್ತಿದ ಹಂಚನ್ನು ನೆರಳಲ್ಲಿ ಒಣಗಿಸಿ, ಭಟ್ಟಿ ತುಂಬಿ, ಬಾಯಿ ಮುಚ್ಚಿ ಬೆಂಕಿ ಕೊಟ್ಟ ಮೇಲೆ ನಡುವೆ ಬಿಡುವಂತಿಲ್ಲ. ಕಾವು ಇಳಿದರೆ ಹಂಚು ಹಸಿ, ಏರಿದರೆ ಸೊಟ್ಟ. ಮೇಲಿಂದ ಮಳೆಗಾಲ; ಮಣ್ಣು ತೆಗೆಯುವುದೂ ಒಣಗಿಸುವುದೂ ಕುಂಟುತ್ತವೆ. ಬೇಸಗೆಯ ಒಂದೊಂದು ದಿನವೂ ಧಣಿಗೆ ದುಡ್ಡು.

1881ರ ಕಾರ್ಖಾನೆ ಕಾಯಿದೆ ರಜೆ ಕೊಟ್ಟದ್ದು ಮಕ್ಕಳಿಗೆ ಮಾತ್ರ, ತಿಂಗಳಿಗೆ ನಾಲ್ಕು. ಮುಂಬಯಿ ಗಿರಣಿಗಳಲ್ಲಿ ನಾರಾಯಣ ಮೇಘಾಜಿ ಲೋಖಂಡೆ 1884ರಿಂದ ಹೋರಾಡಿ 1890ರಲ್ಲಿ ಭಾನುವಾರದ ರಜೆ ಗೆದ್ದರು. ಮರುವರ್ಷವೇ ವಾರದ ರಜೆ ಕಾಯಿದೆಯೊಳಗೆ ಬಂತು. 1919ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ವಾರಕ್ಕೆ 48 ಗಂಟೆ ಎಂದಾಗ ಭಾರತಕ್ಕೆ 60ರ ರಿಯಾಯಿತಿ ಸಿಕ್ಕಿತು. 1922ರ ಕಾಯಿದೆ ಅದನ್ನೇ ಹಿಡಿಯಿತು. 1934ರಲ್ಲಿ ಅದು 54ಕ್ಕೆ ಇಳಿಯಿತು.

48 ಬಂದದ್ದು ಸ್ವಾತಂತ್ರ್ಯಕ್ಕೆ ಮುಂಚೆಯೇ, 1946ರ ತಿದ್ದುಪಡಿಯಲ್ಲಿ; 1949ರ ಏಪ್ರಿಲ್ 1ರಂದು ಜಾರಿಯಾದ 1948ರ ಕಾಯಿದೆ ಅದನ್ನೇ ಉಳಿಸಿಕೊಂಡಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಎಂದೂ ಬರೆಯಿತು. ಭಟ್ಟಿಯಂಥ ನಿಲ್ಲಿಸಲಾಗದ ಕೆಲಸಕ್ಕೆ ವಿನಾಯಿತಿಯ ದಾರಿಯನ್ನೂ ಇಟ್ಟಿತು.

48ರ ಮಿತಿ ಇಂದಿಗೂ ಇಳಿದಿಲ್ಲ. 2023ರ ಕರ್ನಾಟಕ ತಿದ್ದುಪಡಿ ವಾರದ 48 ಗಂಟೆಯನ್ನು ಮುಟ್ಟದೆ, ದಿನದ ಕೆಲಸವನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. ಮೂರು ತಿಂಗಳಲ್ಲಿ ಮಾಡಿಸಬಹುದಾದ ಹೆಚ್ಚುವರಿ ಕೆಲಸ 75ರಿಂದ 145 ಗಂಟೆಗೆ ಏರಿತು. ನಾಲ್ಕು ದಿನ ದುಡಿದು ಮೂರು ದಿನ ಬಿಡುವು ಪಡೆಯುವ ಲೆಕ್ಕಕ್ಕೂ ಇದರಲ್ಲಿ ಜಾಗವಿತ್ತು; ಮಾಲಕರ ಕಣ್ಣು ಹೆಚ್ಚಾಗಿ ಬಿದ್ದದ್ದು 12 ಮತ್ತು 145ರ ಮೇಲೆ.

ಈ ಗಂಟೆಗಳ ಲೆಕ್ಕಕ್ಕೇ ಸಿಗದ ದುಡಿಮೆಯೂ ಕುಂದಾಪುರದ ಹಳ್ಳಿಗಳಲ್ಲಿದೆ: ಮನೆಯಲ್ಲಿ ಬೀಡಿ ಕಟ್ಟುವುದು. 1966ರ ಬೀಡಿ ಕಾಯಿದೆಯೂ 48 ಗಂಟೆ ಎನ್ನುತ್ತಿತ್ತು, ಆದರೆ ಅದು ಕಾರ್ಖಾನೆಯ ಸೂರಿನಡಿ ಕೂತವರಿಗೆ. ಮನೆಯ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು, ಎಲೆ ಕತ್ತರಿಸಿ, ನೂಲು ಸುತ್ತುವ ಹೆಂಗಸಿಗೆ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು. ಬೀಡಿ ಕಂಪೆನಿಯ ಬ್ರಾಂಚಿಗೆ ಒಪ್ಪಿಸುವಾಗ ಕಟ್ಟು ಎಣಿಸುತ್ತಾರೆ. ಭಾನುವಾರ ಕಟ್ಟಿದ್ದೋ ರಾತ್ರಿ ಕಟ್ಟಿದ್ದೋ ಎಂದು ಕೇಳುವುದಿಲ್ಲ.