ಹಗೇವಿನ ರಾಗಿ, ಹುಣಸೂರಿನ ಗಾಡಿ



ಧಾತು ಈಶ್ವರದ ಬರ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದ್ದೀರಿ. ಧಾತು ಸಂವತ್ಸರವೆಂದರೆ 1876-77, ಅದರ ಮರುವರ್ಷ ಈಶ್ವರ. ಮೈಸೂರು ಸೀಮೆಯಲ್ಲಿ ಅಂಥ ಬರ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ ಅನ್ನುತ್ತಾರೆ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ ಎಣಿಸಿದಾಗ ಉಳಿದವರು 41,86,188. ಹೆಚ್ಚಬೇಕಾಗಿದ್ದ ಲೆಕ್ಕ ಎಂಟೂವರೆ ಲಕ್ಷಕ್ಕೂ ಮೀರಿ ತಗ್ಗಿತು. ಮೂಡಲ ಸೀಮೆ ಹೆಚ್ಚು ನೊಂದಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಕಾಡಂಚಿನ ಮಳೆ ಕೊಂಚ ಮೇಲು. ಆದರೆ ಈ ಬರದ ಕಥೆಯೊಳಗೆ ನಮ್ಮ ತಾಲೂಕುಗಳಿಗೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಅದನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಮಳೆ ಹೋಯಿತು, ಬೆಳೆ ಹೋಯಿತು, ಜನ ಸತ್ತರು ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ. ಅಷ್ಟೇ ಅಲ್ಲ ನೋಡಿ. ಬೆಂಗಳೂರಿಗೆ 1864ರಲ್ಲೇ ಮದರಾಸಿನ ಕಡೆಯಿಂದ ರೈಲು ಬಂದಿತ್ತು. ಬರದ ಕಾಲದಲ್ಲಿ ಆ ರೈಲಿನಲ್ಲಿ ಧಾನ್ಯವೂ ಬಂದು ಇಳಿಯಿತು. ಇಳಿದದ್ದು ಬೆಂಗಳೂರಿನಲ್ಲಿ. ಅಲ್ಲಿಂದ ಮೈಸೂರಿಗೆ ರೈಲು ಇಲ್ಲ. ಎಂಬತ್ತೇಳು ಮೈಲಿ ಎತ್ತಿನ ಗಾಡಿಯಲ್ಲಿ ಸಾಗಬೇಕು. ದಿನಕ್ಕೆ ಹನ್ನೆರಡು ಮೈಲಿ ನಡೆದರೂ ಒಂದು ವಾರ ಹಿಡಿಯಿತು. ಮೈಸೂರಿನಿಂದ ಹುಣಸೂರಿಗೆ ಮತ್ತೆ ಇಪ್ಪತ್ತೆಂಟು ಮೈಲಿ.

ಗಾಡಿಗೇನು ಕೊರತೆ? ಆ ಕಾಲದಲ್ಲಿ ಗಾಡಿ ಎಂದರೆ ಹುಣಸೂರು. ಕಂಪನಿ ಸರ್ಕಾರದ ದಂಡಿಗೆ ಬೇಕಾದ ಚರ್ಮ, ಕಂಬಳಿ, ಮರಮುಟ್ಟಿನ ಕಾರ್ಖಾನೆಗಳು ಅಲ್ಲಿದ್ದವು. ಅವು ಮುಚ್ಚಿದ ಮೇಲೂ ಗಾಡಿ ಕಟ್ಟುವ ಕಸುಬು ಊರಿನಲ್ಲಿ ಉಳಿಯಿತು. ಟಿಪ್ಪುವಿನ ಫಿರಂಗಿ ಎಳೆದ ಅಮೃತಮಹಲ್ ತಳಿಯ ದನಗಳ ಠಾಣ್ಯವೂ ಹುಣಸೂರಿನಲ್ಲಿತ್ತು. ಹೀಗೆ ಗಾಡಿಯೂ ಇತ್ತು, ದಾರಿಯೂ ಇತ್ತು, ಬೆಂಗಳೂರಿನಲ್ಲಿ ಧಾನ್ಯವೂ ಇತ್ತು. ಇಲ್ಲದೆ ಹೋದದ್ದು ಎತ್ತು.

ಮಳೆ ಇಲ್ಲದ ವರ್ಷ ಮೊದಲು ಹೋಗುವುದು ಹುಲ್ಲು. ಹುಲ್ಲು ಹೋದರೆ ದನ ಹೋಯಿತು. ಉಳಿದ ಎತ್ತನ್ನು ಗಾಡಿಗೆ ಕಟ್ಟಿದರೂ ದಾರಿಯುದ್ದಕ್ಕೂ ಮೇವಿಲ್ಲ, ನೀರಿಲ್ಲ. ಎತ್ತಿನ ಮೇವನ್ನೂ ಅದೇ ಗಾಡಿಯಲ್ಲೇ ಹೇರಬೇಕು. ಹೋಗುವುದಕ್ಕೆ ಒಂದು ವಾರ, ಬರುವುದಕ್ಕೆ ಒಂದು ವಾರ. ಎರಡು ವಾರದ ಹುಲ್ಲು ಹೇರಿದ ಮೇಲೆ ಮೂಟೆಗೆ ಎಷ್ಟು ಜಾಗ ಉಳಿದೀತು, ನೀವೇ ಲೆಕ್ಕ ಹಾಕಿ. ಗಾಡಿ ಹೂಡಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ.

ಬರದ ಕೂಲಿ ಕೆಲಸಕ್ಕೆಂದು ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಹೊರಿಸಿದರು. ಆ ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಸತ್ತವರ ತಿಥಿ ಕಳೆದು ಎಷ್ಟೋ ಕಾಲವಾಗಿತ್ತು. ಮುಂದೆ ಅರಸೀಕೆರೆಯ ದಾರಿ ಕೃಷ್ಣರಾಜನಗರದ ಮೇಲೆ ಹಾದುಹೋಯಿತು. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಿಗೆ ಇಂದಿಗೂ ರೈಲಿಲ್ಲ, ಎಲ್ಲವೂ ರಸ್ತೆಯ ಮೇಲೇ ಬರಬೇಕು.

ಹಾಗಾದರೆ ಬದುಕಿದವರು ಹೇಗೆ ಬದುಕಿದರು? ಕೆರೆ ಕಾಲುವೆಯ ಆಸರೆ ಇದ್ದವರು ಕೆಲವರು, ಗಂಜಿ ಕೇಂದ್ರ ಮುಟ್ಟಿದವರು ಕೆಲವರು, ಹಗೇವಿನಲ್ಲಿ ರಾಗಿ ಇಟ್ಟವರು ಕೆಲವರು. ಇಂದಿನ ಹುಡುಗರಿಗೆ ಹಗೇವೆಂದರೆ ತಿಳಿಯದು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ ಮಡಕೆಯ ಹಾಗೆ ಬಾಯಿ ಕಿರಿದು, ಒಡಲು ಅಗಲವಾಗಿ ತೋಡಿದ ಗುಣಿ. ಸುತ್ತ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿರುವ ಪ್ರಾಣವಾಯು ಬೇಗ ತೀರುತ್ತದೆ. ಹುಳು ಹುಟ್ಟಿದರೂ ಬದುಕುವುದಿಲ್ಲ. ರಾಗಿ ಕಾಳೂ ಸಣ್ಣದು, ಹುಳುವಿಗೆ ಹಿಡಿಯುವಂಥದಲ್ಲ. ಹಾಗಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಅಕ್ಕಿಗೂ ಜೋಳಕ್ಕೂ ಈ ಭಾಗ್ಯವಿಲ್ಲ.

ಆದರೆ 1875ರ ಮಳೆಯೂ ಅರೆಬರೆಯಾಗಿತ್ತು. ಆಗಲೇ ಹಗೇವು ತೆರೆದವರಿಗೆ 1876ರ ಮಳೆ ಕೈಕೊಟ್ಟಾಗ ತಳ ಕಾಣಿಸಿತು. 1877ರಲ್ಲಿ ಮುಂಗಾರೂ ತಡವಾಯಿತು. ಹಗೇವು ಒಂದು ಕೆಟ್ಟ ವರ್ಷ ದಾಟಿಸೀತು, ಎರಡನ್ನೂ ದಾಟಿಸೀತು. ಸಾಲಾಗಿ ಬಂದದ್ದಕ್ಕೆ ಅದೂ ಸಾಲದು. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಮಾಚಬಾರದು.

ಎರಡನೆಯ ಪೆಟ್ಟು ಮಳೆಯಿಂದ ಬಂದದ್ದಲ್ಲ. 1942ರ ಮಾರ್ಚಿಯಲ್ಲಿ ಜಪಾನಿಗಳು ರಂಗೂನನ್ನು ಹಿಡಿದರು. ಎಲ್ಲಿಯ ರಂಗೂನು, ಎಲ್ಲಿಯ ಕೋಟೆ ಅಂತೀರಾ? ಇಂಡಿಯಾಕ್ಕೆ ಹೊರಗಿನಿಂದ ಬರುತ್ತಿದ್ದ ಅಕ್ಕಿ ಬಹುಪಾಲು ಬರ್ಮಾದ್ದು. ಬಾವಲಿಯ ಆಚೆಯ ಮಲಬಾರು ಆ ಅಕ್ಕಿಯನ್ನೇ ನೆಚ್ಚಿತ್ತು. ದೀಪದ ಸೀಮೆಎಣ್ಣೆಯೂ ಅಲ್ಲಿಂದ ಬರುತ್ತಿತ್ತು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಬ್ರಿಟಿಷರೇ ಅಲ್ಲಿನ ಎಣ್ಣೆ ಬಾವಿಗಳನ್ನು ಕೆಡಿಸಿ ಹಿಂದಕ್ಕೆ ಸರಿದರು. ಇಲ್ಲಿ ಮಳೆ ಬೆಳೆ ಹೇಗಿದ್ದರೂ ಪೇಟೆಯಲ್ಲಿ ಪಡಿತರ ಚೀಟಿ ಬಂತು, ಹಳ್ಳಿಯ ಧಾನ್ಯಕ್ಕೆ ಲೆವಿ ಬಂತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಂಗಡಿಯವರು ಮೂಟೆ ಅಡಗಿಸಿದ್ದೂ, ಉಳ್ಳವರು ಸುದ್ದಿ ಕೇಳಿ ಇದ್ದಬದ್ದದ್ದನ್ನೆಲ್ಲ ಕೊಂಡು ಹೊತ್ತದ್ದೂ ಆ ಸಾವಿಗೆ ಸೇರಿದವು. ಕೊಯ್ಲಿನ ಕಾಲದಲ್ಲಿ ನಮ್ಮ ಬೆಳೆಯನ್ನು ನಾವು ಎತ್ತಿಡುವುದಕ್ಕೂ ಇದಕ್ಕೂ ಬಹಳ ಅಂತರ ಉಂಟು.

ಇನ್ನು ಈಚಿನದು ನಿಮಗೇ ಗೊತ್ತು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಜರಿದು, ಹುಣಸೂರು, ಪಿರಿಯಾಪಟ್ಟಣದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿ ಮಡಿಕೇರಿಯಾಚೆ ಕಟ್ಟಿಕೊಂಡಿತು. 2020ರ ಮಾರ್ಚಿ 25ರಿಂದ ದೇಶವೇ ಬಾಗಿಲು ಹಾಕಿತು. ಕೇರಳದ ಗಡಿಯಲ್ಲಿ ಲಾರಿ ನಿಂತವು, ತರಕಾರಿ ಹೊಲದಲ್ಲೇ ಕೊಳೆಯಿತು. 2022ರಲ್ಲಿ ರಷ್ಯಾ, ಉಕ್ರೇನುಗಳ ಯುದ್ಧ ಹತ್ತಿದಾಗ ಗೊಬ್ಬರದ ಬೆಲೆ ಏರಿತು. ಹೊಗೆಸೊಪ್ಪು ಬೆಳೆಯುವವರಿಗೆ ಪೊಟ್ಯಾಷ್ ಇಲ್ಲದೆ ಆಗದು. ನಮ್ಮ ದೇಶದ ಪೊಟ್ಯಾಷ್ ಹೆಚ್ಚುಕಡಿಮೆ ಎಲ್ಲವೂ ಹಡಗಿನಲ್ಲೇ ಬರಬೇಕು. ಅಂದಿನ ಎತ್ತಿನ ಜಾಗದಲ್ಲಿ ಇಂದು ಡೀಸೆಲ್ ನಿಂತಿದೆ, ಅದರ ಎಣ್ಣೆಯೂ ಬಹುಪಾಲು ಹಡಗಿನದೇ.

ಹೊಗೆಸೊಪ್ಪು, ಶುಂಠಿ ಬಿಡಿ ಎಂದು ನಾನು ಹೇಳುವುದಿಲ್ಲ. ಸಾಲ ತೀರುವುದು, ಮದುವೆ ನಡೆಯುವುದು ಅದರಿಂದಲೇ. ಆದರೆ ಇಡೀ ಹೊಲ ಅದಕ್ಕೇ ಕೊಟ್ಟು, ರಾಗಿಯನ್ನು ಅಂಗಡಿಯಿಂದ ತರುವ ಮನೆಗಳು ನಮ್ಮಲ್ಲಿ ಹೆಚ್ಚುತ್ತಿವೆಯಲ್ಲ, ಅದು ನನಗೆ ಸರಿಕಾಣದು. ಲೆಕ್ಕ ಬಹಳ ಸಣ್ಣದು. ಐದು ಜನರ ಮನೆಗೆ ದಿನಕ್ಕೆ 2 ಕಿಲೋ ರಾಗಿ ಎಂದುಕೊಳ್ಳಿ. ತಿಂಗಳಿಗೆ 60 ಕಿಲೋ, ಆರು ತಿಂಗಳಿಗೆ 3 ಕ್ವಿಂಟಲ್ 60 ಕಿಲೋ. ಮಳೆ ಹಿಡಿದ ವರ್ಷ ಒಂದು ಎಕರೆ ಖುಷ್ಕಿ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಕಾಲುವೆ ಬಯಲಿನ ಕೃಷ್ಣರಾಜನಗರದವರು ಭತ್ತದಲ್ಲಿ ಇದೇ ಲೆಕ್ಕ ಹಾಕಲಿ. ಅಕ್ಕಿ ಮಾಡಿಸದೆ ಭತ್ತವಾಗಿಯೇ ಇಡಲಿ, ಹೆಚ್ಚು ಕಾಲ ತಡೆಯುತ್ತದೆ. ಮೆಕ್ಕೆಜೋಳದ ಹೈಬ್ರಿಡ್ ಬೀಜ ವರ್ಷವರ್ಷವೂ ಕೊಳ್ಳಬೇಕು. ರಾಗಿಗೆ ಹಾಗಲ್ಲ, ಒಳ್ಳೆಯ ತೆನೆ ಆರಿಸಿ ಬೇರೆ ಒಣಗಿಸಿ ಇಟ್ಟರೆ ಮುಂದಿನ ಬೀಜ ಮನೆಯಲ್ಲೇ ಆಯಿತು.

ಈಗ ಹಗೇವು ತೋಡಿ ಎನ್ನುವ ಕಾಲವಲ್ಲ, ಮುಚ್ಚಳ ಬಿಗಿಯಾದ ತಗಡಿನ ಡ್ರಮ್ಮು ಸಾಕು. ಹಳೆಯ ಹಗೇವು ಮನೆ ಮುಂದೆ ಇದ್ದು ಅದನ್ನು ತೆಗೆಯಬೇಕಾದರೆ ಮಾತ್ರ ಎಚ್ಚರ: ಬಾಯಿ ತೆರೆದ ಕೂಡಲೆ ಯಾರೂ ಇಳಿಯಬೇಡಿ. ಒಳಗೆ ಕಟ್ಟಿಕೊಂಡ ವಿಷಗಾಳಿಗೆ ಜನ ಸತ್ತದ್ದುಂಟು. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಸಿ ನೋಡುತ್ತಿದ್ದರು ಹಿಂದಿನವರು. ದೀಪ ಆರಿದರೆ ಇಳಿಯುವ ಮಾತೇ ಇಲ್ಲ. ಆರದಿದ್ದರೂ ಧೈರ್ಯ ಬೇಡ. ಹೊರಗೆ ನಿಂತೇ ತೆಗೆಯಿರಿ.

ಕಾಳಿನ ಮಾತು ಇಷ್ಟಾಯಿತು. ಹುಲ್ಲಿನ ಮಾತು ಬಾಕಿ ಇದೆ. ಮನೆಯಲ್ಲಿ ಎತ್ತಿಲ್ಲದಿದ್ದರೂ ಹಾಲಿನ ಹಸು ಇರುತ್ತದೆ, ಅದರ ಹಿಂಡಿಗೂ ಲಾರಿ ಬರಬೇಕು. ಸುಗ್ಗಿಯಾದ ಕೂಡಲೆ ರಾಗಿ ಹುಲ್ಲನ್ನು ಲೋಡಿಗಿಷ್ಟು ಎಂದು ಕೊಟ್ಟುಬಿಡುವ ರೂಢಿ ನಮ್ಮ ಕಡೆ ಬಂದಿದೆ. ಮುಂದಿನ ಹುಲ್ಲು ಕಣಕ್ಕೆ ಬಂದು ಬೀಳುವ ತನಕ ಹಿಂದಿನ ವರ್ಷದ ಮೆದೆಯಲ್ಲಿ ಕಾಲುಭಾಗವಾದರೂ ಹಿತ್ತಿಲಲ್ಲಿ ನಿಂತಿರಲಿ.